ಬತ್ತಿಗೆ ಕಿಡಿ ತಾಗುವ ಮುನ್ನ

ವಿಜಯಪುರಕ್ಕೆ ಹೋದವರು ಗೋಳಗುಮ್ಮಟವನ್ನು ನೋಡಿದ ಬಳಿಕ ತಪ್ಪದೆ ಕಾಣುವ ಇನ್ನೊಂದು ವಸ್ತು ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಈ ಕಂಚಿನ ತೋಪು ಪಶ್ಚಿಮದ ಕೋಟೆಗೋಡೆಯ ಸಿಂಹಬುರುಜಿನ ಮೇಲೆ ಇಂದಿಗೂ ತಣ್ಣಗೆ ಮಲಗಿದೆ. ಶಾಲಾ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ಮಾರ್ಗದರ್ಶಕರು ಒಂದು ಮಾತನ್ನು ಮರೆಯದೆ ಹೇಳುತ್ತಾರೆ: ತೋಪಿನ ಬತ್ತಿಗೆ ಬೆಂಕಿ ಮುಟ್ಟಿಸಿದ ಗೋಲಂದಾಜನು ತಕ್ಷಣವೇ ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗಿ, ಆ ಭೀಕರ ಶಬ್ದದಿಂದ ತನ್ನ ಕಿವಿಗಳನ್ನು ಉಳಿಸಿಕೊಳ್ಳುತ್ತಿದ್ದನಂತೆ. ಇದು ಜನರ ಬಾಯಿಂದ ಬಾಯಿಗೆ ಬಂದ ಮಾತು. ಆದರೂ ಅದರಲ್ಲೊಂದು ತಿಳಿವಳಿಕೆ ಅಡಗಿದೆ. ಬೆಂಕಿ ಮುಟ್ಟಿಸುವ ಮೊದಲೇ ಆ ಗೋಲಂದಾಜನಿಗೆ ತಾನು ಎಲ್ಲಿಗೆ ಸರಿಯಬೇಕೆಂಬುದು ಗೊತ್ತಿತ್ತು, ನೀರು ಸಿದ್ಧವಾಗಿತ್ತು. ನಮ್ಮ ಓಣಿಗಳಲ್ಲಿ ಪಟಾಕಿ ಹಚ್ಚುವ ಎಷ್ಟು ಮಂದಿ ತಂದೆಯರ ಬಗ್ಗೆ ಈ ಮಾತನ್ನು ಹೇಳಬಹುದು?

ದೀಪಾವಳಿ ಮುಗಿದಿದೆ. ನೆರೆಹೊರೆಯ ಗೆಳೆಯರೊಡನೆ ಸಂಭ್ರಮಿಸಿದ ನಮ್ಮ ಮಕ್ಕಳು ಒಂದೆರಡು ಪೊಟ್ಟಣಗಳನ್ನು ಕ್ರಿಸ್ಮಸ್ಸಿಗೆಂದು ಬಚ್ಚಿಟ್ಟಿರುವುದು ಸಾಮಾನ್ಯ. ಆಗಮನ ಕಾಲ ಬಂತೆಂದರೆ ಗೋದಲಿ, ನಕ್ಷತ್ರದೀಪ, ಕುಸ್ವಾರ್‌ಗಳ ಸಿದ್ಧತೆಯೊಂದಿಗೆ ಪಟಾಕಿಯ ಬೇಡಿಕೆಯೂ ಮನೆಮನೆಗಳಲ್ಲಿ ಕೇಳಿಬರುತ್ತದೆ. ಸಂತೋಷಪಡಬೇಡಿರೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ನಮ್ಮ ಕುಟುಂಬಗಳು ಈ ವಿಷಯವನ್ನು ಒಮ್ಮೆ ಕುಳಿತು ಯೋಚಿಸಬೇಕೆಂಬುದು ನನ್ನ ವಿನಂತಿ. ಅದಕ್ಕೆ ನನ್ನದೇ ಒಂದು ಕಾರಣವಿದೆ.

ಒಂದು ಕ್ರಿಸ್ಮಸ್ ರಾತ್ರಿ

ಹಲವು ವರ್ಷಗಳ ಹಿಂದಿನ ಮಾತು. ಆಗ ನಾನು ಸಿಂದಗಿ ತಾಲೂಕಿನ ಒಂದು ಹಳ್ಳಿಯಲ್ಲಿ ನಡುರಾತ್ರಿಯ ಬಲಿಪೂಜೆಯನ್ನು ಅರ್ಪಿಸಿ ಹೊರಬಂದಿದ್ದೆ. ಅಂಗಳದಲ್ಲಿ ಯುವಕರು ಗಾಜಿನ ಬಾಟಲಿಯಲ್ಲಿ ರಾಕೆಟ್ ಇಟ್ಟು ನನ್ನ ಒಪ್ಪಿಗೆಗಾಗಿ ಕಾಯುತ್ತಿದ್ದರು. ನಾನು ನಗುತ್ತ ತಲೆಯಾಡಿಸಿದೆ. ಮೊದಲನೆಯದು ನೇರವಾಗಿ ಏರಿತು. ಎಲ್ಲರೊಡನೆ ನಾನೂ ಚಪ್ಪಾಳೆ ತಟ್ಟಿದೆ. ಎರಡನೆಯದನ್ನು ಹಚ್ಚುವಾಗ ಬಾಟಲಿ ವಾಲಿತು. ರಾಕೆಟ್ ಗೋಡೆಯನ್ನು ದಾಟಿ, ನೆರೆಯ ಕಣದಲ್ಲಿದ್ದ ಕಣಿಕೆಯ ಬಣವಿಗೆ ಬಿತ್ತು.

ಬಣವಿ ಉರಿಯುವುದನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಕೊಡಗಳಲ್ಲಿ ನೀರು ತಂದು ಸುರಿಯುವಷ್ಟರಲ್ಲಿ ಎರಡೆತ್ತುಗಳ ಬೇಸಿಗೆಯ ಮೇವು ಬೂದಿಯಾಗಿತ್ತು. ಪಕ್ಕದ ತೊಗರಿಯ ರಾಶಿ ಊರವರ ಶ್ರಮದಿಂದ ಉಳಿಯಿತು. ಆ ಜನರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ; ನಮ್ಮ ಹಬ್ಬದ ರಾತ್ರಿ ನಿದ್ದೆಯಿಂದೆದ್ದು ನಮ್ಮ ತಪ್ಪನ್ನು ಆರಿಸಲು ಓಡಿಬಂದವರು.

ಮರುದಿನ ಬೆಳಿಗ್ಗೆ ನಾನು ಆ ಬಣವಿಯ ಒಡೆಯನಾದ ವೃದ್ಧನ ಮನೆಗೆ ಹೋದೆ. ಮೇವಿನ ಬೆಲೆಯನ್ನು ಧರ್ಮಕೇಂದ್ರದ ವತಿಯಿಂದ ತುಂಬಿಕೊಡುವೆವೆಂದು ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಕಣಿಕಿ ಮತ್ತ ಬೆಳೀತೈತ್ರಿ ಗುರುಗಳ. ರಾಶಿ ಕಾಯಾಕ ನನ್ನ ಮೊಮ್ಮಗ ಆ ಬಣವಿ ಮಗ್ಗಲಕ್ಕ ಮಲಗಿದ್ದ. ಅವನಿಗೆ ಏನರ ಆಗಿದ್ರ ಯಾರ ಬೆಳಸಿ ಕೊಡತಿದ್ರಿ?” ಎಂದು ಕೇಳಿದ. ಸೆಮಿನರಿಯಲ್ಲಿ ತತ್ತ್ವಶಾಸ್ತ್ರವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ನನ್ನಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಹುಡುಗ ಬೆಂಕಿಯ ಬೆಳಕಿಗೆ ಎಚ್ಚತ್ತು ಓಡಿದ್ದರಿಂದ ಬದುಕಿದ್ದ. ಅದರಲ್ಲಿ ನಮ್ಮ ಜಾಣತನದ ಪಾಲು ಏನೂ ಇರಲಿಲ್ಲ.

ಯುವಕರ ಉದ್ದೇಶ ಒಳ್ಳೆಯದಾಗಿತ್ತು, ನನ್ನದೂ ಒಳ್ಳೆಯದಾಗಿತ್ತು. ಆದರೆ ಕಾರ್ಯವೊಂದು ಒಳ್ಳೆಯದೆನಿಸಲು ಉದ್ದೇಶ ಮಾತ್ರ ಸಾಲದು. ಮಾಡುವ ಕೆಲಸದ ಸ್ವರೂಪವನ್ನೂ ಅದರ ಸಂದರ್ಭವನ್ನೂ ಕೂಡಿಯೇ ತೂಗಬೇಕೆಂದು ಸಂತ ಥಾಮಸ್ ಅಕ್ವಿನಾಸರು ಕಲಿಸುತ್ತಾರೆ. ವಿವೇಕವನ್ನು ಸದ್ಗುಣಗಳ ಸಾರಥಿ ಎನ್ನುವ ಮಾತು ನಮ್ಮ ಪರಂಪರೆಯಲ್ಲಿದೆ. ಸಾರಥಿಯಾದವನು ಬಂಡಿ ಹಳ್ಳಕ್ಕೆ ಉರುಳಿದ ಮೇಲೆ ಹಗ್ಗ ಹಿಡಿದರೆ ಏನು ಪ್ರಯೋಜನ? ಪಟಾಕಿಯ ವಿಷಯದಲ್ಲಿ ಈ ಸತ್ಯ ಇನ್ನೂ ಕಠೋರವಾದುದು. ಬತ್ತಿಗೆ ಕಿಡಿ ತಾಗುವವರೆಗೆ ಪಟಾಕಿ ನಮ್ಮದು. ಕಿಡಿ ತಾಗಿದ ಮೇಲೆ ಅದು ಯಾರ ಮಾತನ್ನೂ ಕೇಳುವುದಿಲ್ಲ. ಆದುದರಿಂದ ನಾವು ನಿರ್ಧರಿಸಬೇಕಾದುದೆಲ್ಲವನ್ನೂ ಅದಕ್ಕೆ ಮೊದಲೇ ನಿರ್ಧರಿಸಿರಬೇಕು.

ಏನನ್ನು, ಎಲ್ಲಿಂದ ಕೊಳ್ಳಬೇಕು?

ಮೊದಲ ನಿರ್ಧಾರ ಅಂಗಡಿಯಲ್ಲಿ ಆಗಬೇಕು. ಸರ್ವೋಚ್ಚ ನ್ಯಾಯಾಲಯವು 2018ರ ಅಕ್ಟೋಬರ್ 23ರಂದು ನೀಡಿದ ತೀರ್ಪಿನಲ್ಲಿ ಪರವಾನಗಿ ಪಡೆದ ವ್ಯಾಪಾರಿಗಳು ಮಾತ್ರ ಪಟಾಕಿ ಮಾರಬೇಕೆಂದೂ, ಅಂತರ್ಜಾಲದ ಮೂಲಕ ಮಾರಾಟ ಕೂಡದೆಂದೂ ವಿಧಿಸಿತು. ಒಂದಕ್ಕೊಂದು ಹೆಣೆದ ಸರಪಟಾಕಿಯನ್ನು ನಿಷೇಧಿಸಿತು. ಹಸಿರು ಬಣ್ಣದ ಬೆಳಕಿಗಾಗಿ ಬಳಸುವ ವಿಷಕಾರಿ ಬೇರಿಯಂ ಲವಣಗಳನ್ನೂ ನಿಷೇಧಿಸಿ, 2021ರಲ್ಲಿ ಆ ನಿಷೇಧವನ್ನು ಮತ್ತೊಮ್ಮೆ ಒತ್ತಿಹೇಳಿತು. ನಾಗಪುರದ ‘ನೀರಿ’ ಸಂಸ್ಥೆಯ ವಿಜ್ಞಾನಿಗಳು ರೂಪಿಸಿ 2019ರಲ್ಲಿ ಮಾರುಕಟ್ಟೆಗೆ ಬಂದ ಹಸಿರು ಪಟಾಕಿಗಳನ್ನಷ್ಟೇ ಬಳಸಬೇಕೆಂದು ನಮ್ಮ ರಾಜ್ಯ ಸರ್ಕಾರವೂ ಇತ್ತೀಚಿನ ವರ್ಷಗಳಲ್ಲಿ ಹಬ್ಬಕ್ಕೆ ಮುಂಚೆ ಆದೇಶ ಹೊರಡಿಸುತ್ತ ಬಂದಿದೆ. ಅಂಥವುಗಳ ಪೊಟ್ಟಣದ ಮೇಲೆ ಸಂಸ್ಥೆಯ ಹಸಿರು ಗುರುತೂ, ಮೊಬೈಲಿನಿಂದ ಪರೀಕ್ಷಿಸಬಹುದಾದ ಕ್ಯೂಆರ್ ಸಂಕೇತವೂ ಇರುತ್ತವೆ. ಆದರೆ ಒಂದು ತಪ್ಪು ಕಲ್ಪನೆ ಬೇಡ. ‘ಹಸಿರು’ ಎಂದರೆ ಹೊಗೆ ಮತ್ತು ದೂಳು ಕಡಿಮೆ ಎಂದಷ್ಟೇ ಅರ್ಥ. ಸುಡುವ ವಿಷಯದಲ್ಲಿ ಹಸಿರು ಪಟಾಕಿಯೂ ಪಟಾಕಿಯೇ.

ಅಂಗಡಿಯನ್ನೂ ಸ್ವಲ್ಪ ನೋಡಬೇಕು. 2008ರ ಸ್ಫೋಟಕ ನಿಯಮಗಳ ಪ್ರಕಾರ ಹಬ್ಬದ ತಾತ್ಕಾಲಿಕ ಅಂಗಡಿಯನ್ನು ಬೆಂಕಿ ಹೊತ್ತದ ಸಾಮಗ್ರಿಯಿಂದ ಕಟ್ಟಿರಬೇಕು, ಅಂಗಡಿಗಳ ನಡುವೆ 3 ಮೀಟರ್ ಅಂತರವಿರಬೇಕು, ಅವು ಎದುರುಬದುರಾಗಿರಬಾರದು, ಒಳಗೆ ಎಣ್ಣೆದೀಪ, ತೆರೆದ ಜ್ವಾಲೆ ಇರಬಾರದು. ಈ ನಿಯಮಗಳ ಹಿಂದೆ ಬೆಂದ ದೇಹಗಳಿವೆ. 2023ರ ಅಕ್ಟೋಬರ್ 7ರಂದು ಬೆಂಗಳೂರಿನ ಅಂಚಿನ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಯೊಂದು ಹೊತ್ತಿ ಉರಿದಾಗ ಮೊದಲ ಲೆಕ್ಕದಲ್ಲಿಯೇ 14 ಮಂದಿ ಸತ್ತರು. ಅವರಲ್ಲಿ ಅನೇಕರು ಹಬ್ಬದ ದಿನಗಳಲ್ಲಿ ನಾಲ್ಕು ಕಾಸು ದುಡಿಯಲು ತಮಿಳುನಾಡಿನಿಂದ ಬಂದಿದ್ದ ತರುಣರು. ಕಿರಾಣಿ ಅಂಗಡಿಯ ಅಟ್ಟದ ಮೇಲೆ ಅಡಗಿಸಿಟ್ಟು ಕಡಿಮೆ ಬೆಲೆಗೆ ಕೊಡುವ ಪೊಟ್ಟಣವನ್ನು ಕೊಳ್ಳುವಾಗ, ಆ ಅಟ್ಟದ ಕೆಳಗೆ ಒಂದು ಸಂಸಾರ ಮಲಗುತ್ತದೆ ಎಂಬುದನ್ನು ನೆನೆಯೋಣ.

ಕೊಂಡದ್ದನ್ನು ಮನೆಗೆ ತರುವುದರಲ್ಲಿಯೂ ವಿವೇಕ ಬೇಕು. ಸೊಲ್ಲಾಪುರದಿಂದಲೋ ವಿಜಯಪುರದಿಂದಲೋ ರೈಲು ಹತ್ತಿ ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳಲ್ಲಿ ಇಳಿಯುವ ನಮ್ಮವರು ಚೀಲದಲ್ಲಿ ಪಟಾಕಿ ತರುವುದುಂಟು. ರೈಲಿನಲ್ಲಿ ಪಟಾಕಿ ಒಯ್ಯುವುದು 1989ರ ರೈಲ್ವೆ ಕಾಯ್ದೆಯ ಪ್ರಕಾರ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಮನೆಯಲ್ಲಿ ಅದನ್ನು ಒಲೆ, ಗ್ಯಾಸ್ ಸಿಲಿಂಡರ್, ವಿದ್ಯುತ್ ಫಲಕಗಳಿಂದ ದೂರ, ಮಕ್ಕಳ ಕೈಗೆಟುಕದ ಒಣ ಜಾಗದಲ್ಲಿ, ಮುಚ್ಚಿದ ಪೆಟ್ಟಿಗೆಯಲ್ಲಿಡಬೇಕು. ಗೋದಲಿಯ ಸಮೀಪದಲ್ಲಂತೂ ಬೇಡವೇ ಬೇಡ. ಒಣಹುಲ್ಲು, ಬಣ್ಣದ ಕಾಗದ, ಮೇಣದಬತ್ತಿ, ಸಾಲುದೀಪದ ತಂತಿ ಇವೆಲ್ಲ ಅಲ್ಲಿ ಈಗಾಗಲೇ ಕೂಡಿವೆ. ಕಳೆದ ವರ್ಷ ಉಳಿದು ತೇವ ಹಿಡಿದ ಪಟಾಕಿಯನ್ನು ಬಿಸಿಲಿಗೆ ಒಣಗಿಸಿ ಹಚ್ಚುವ ಮಿತವ್ಯಯವನ್ನೂ ಬಿಟ್ಟುಬಿಡೋಣ.

ಯಾವಾಗ, ಎಲ್ಲಿ?

ನಮ್ಮ ಹಬ್ಬಕ್ಕೆ ನೇರವಾಗಿ ಸಂಬಂಧಿಸಿದ ಒಂದು ಸಂಗತಿ ಅನೇಕರಿಗೆ ತಿಳಿದಿಲ್ಲ. 2018ರ ಅದೇ ತೀರ್ಪು ದೀಪಾವಳಿಗೆ ರಾತ್ರಿ 8ರಿಂದ 10 ಗಂಟೆಯ ಅವಧಿಯನ್ನು ಕೊಟ್ಟಂತೆ, ಕ್ರಿಸ್ಮಸ್ ಮತ್ತು ಹೊಸ ವರ್ಷದ ಹಿಂದಿನ ರಾತ್ರಿಗಳಿಗೆ 11 ಗಂಟೆ 55 ನಿಮಿಷದಿಂದ 12 ಗಂಟೆ 30 ನಿಮಿಷದವರೆಗಿನ ಅವಧಿಯನ್ನು ಗೊತ್ತುಪಡಿಸಿದೆ. ಒಟ್ಟು 35 ನಿಮಿಷ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಬ್ದದ ಪಟಾಕಿಗೆ ಇರುವ ಸಾಮಾನ್ಯ ನಿರ್ಬಂಧದಲ್ಲಿ ಇದು ನಮಗೆ ದೊರೆತ ವಿನಾಯಿತಿ. ಪೂಜೆ ಮುಗಿದದ್ದು ಒಂದು ಗಂಟೆಗಾದರೆ ಆ ವರ್ಷದ ಪಟಾಕಿಯ ಹೊತ್ತು ಮುಗಿಯಿತೆಂದೇ ತಿಳಿಯಬೇಕು. ಆಯಾ ವರ್ಷದ ಆದೇಶವನ್ನು ತಹಸೀಲ್ದಾರರ ಕಚೇರಿಯಲ್ಲಿಯೋ ಪೊಲೀಸ್ ಠಾಣೆಯಲ್ಲಿಯೋ ವಿಚಾರಿಸಿಕೊಳ್ಳುವುದು ಲೇಸು.

ಸ್ಥಳದ ವಿಷಯ ಇನ್ನೂ ಮುಖ್ಯ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ಪ್ರದೇಶವನ್ನು ನಿಶ್ಯಬ್ದ ವಲಯವೆಂದು ಗುರುತಿಸಲಾಗುತ್ತದೆ. ಅಲ್ಲಿ ಹಗಲಾಗಲಿ ರಾತ್ರಿಯಾಗಲಿ ಶಬ್ದದ ಪಟಾಕಿ ಸಲ್ಲದು. ನಮ್ಮ ಎಷ್ಟೋ ಚರ್ಚುಗಳ ಆವರಣದಲ್ಲಿಯೇ ಶಾಲೆಯಿದೆ. ಕೆಲವೆಡೆ ಕನ್ಯಾಸ್ತ್ರೀಯರು ನಡೆಸುವ ಚಿಕಿತ್ಸಾಲಯವೂ ಇದೆ. ಹಾಗಾದರೆ ಪಟಾಕಿಗೆ ಯೋಗ್ಯವೆಂದು ನಾವು ಭಾವಿಸುವ ಚರ್ಚಿನ ಅಂಗಳವೇ ಅಯೋಗ್ಯವಾದ ಸ್ಥಳವಾಗಬಹುದು.

ನಮ್ಮ ತಾಲೂಕುಗಳ ನೆಲದ ಗುಣವನ್ನೂ ಮರೆಯಬಾರದು. ಡಿಸೆಂಬರ್ ತಿಂಗಳೆಂದರೆ ತೊಗರಿ ಕೊಯ್ಲಿನ ಕಾಲ. ಕಣಗಳಲ್ಲಿ ಒಣಗಿದ ತೊಗರಿಕಟ್ಟಿಗೆ, ಹಿತ್ತಲಲ್ಲಿ ಕಣಿಕೆಯ ಬಣವಿ. ಇಂಡಿಯ ಕಡೆ ಕಬ್ಬು ಕಡಿದ ಹೊಲಗಳಲ್ಲಿ ರವದಿ ಹಾಸಿಕೊಂಡಿರುತ್ತದೆ. ಮಳೆ ನಿಂತು ಎರಡು ತಿಂಗಳಾದ ನೆಲದ ಮೇಲೆ ಒಂದು ಕಿಡಿ ಸಾಕು. ತಾಲೂಕು ಕೇಂದ್ರದಿಂದ ಅಗ್ನಿಶಾಮಕ ವಾಹನ ಹಳ್ಳಿಯನ್ನು ತಲುಪುವಷ್ಟರಲ್ಲಿ ಬಣವಿಯ ಕಥೆ ಮುಗಿದಿರುತ್ತದೆ. ಆದುದರಿಂದ ಊರೊಳಗೆ ರಾಕೆಟ್ ಬೇಡ ಎಂಬುದನ್ನು ನಮ್ಮ ಕುಟುಂಬಗಳು ವ್ರತದಂತೆ ಪಾಲಿಸಬೇಕು. ನೆಲದ ಮೇಲೆ ಉರಿಯುವ ಹೂಕುಂಡ, ನೆಲಚಕ್ರಗಳಿಗೂ ಮನೆ, ಬಣವಿ, ವಾಹನ, ಕಟ್ಟಿದ ದನಗಳಿಂದ ದೂರವಾದ ಬಯಲೇ ಬೇಕು.

ಹಚ್ಚುವ ಸ್ಥಳವೂ ಇಡುವ ಸ್ಥಳವೂ ಬೇರೆಬೇರೆಯಾಗಿರಬೇಕು. 2024ರ ಅಕ್ಟೋಬರ್ ಕೊನೆಯಲ್ಲಿ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ ತೆಯ್ಯಂ ಉತ್ಸವದ ರಾತ್ರಿ ಪಟಾಕಿಯ ಕಿಡಿ ದಾಸ್ತಾನಿಗೆ ಹಾರಿ 150ಕ್ಕೂ ಹೆಚ್ಚು ಜನ ಗಾಯಗೊಂಡರು. ಕೆಲವರು ಮುಂದೆ ಆಸ್ಪತ್ರೆಯಲ್ಲಿ ಪ್ರಾಣಬಿಟ್ಟರು. ಅಲ್ಲಿ ಪಟಾಕಿ ಹಚ್ಚಿದ ಜಾಗ, ದಾಸ್ತಾನು, ಜನಸಂದಣಿ ಮೂರೂ ಒಂದರ ಮಗ್ಗುಲಲ್ಲಿ ಒಂದಿದ್ದವು. ಮನೆಯಂಗಳದಲ್ಲಿ ತೆರೆದ ಪೆಟ್ಟಿಗೆಯನ್ನು ಕಾಲಬುಡದಲ್ಲಿಟ್ಟುಕೊಂಡು ಹೂಕುಂಡ ಹಚ್ಚುವವನು ಅದೇ ತಪ್ಪನ್ನು ಚಿಕ್ಕದಾಗಿ ಮಾಡುತ್ತಿರುತ್ತಾನೆ.

ಹಚ್ಚುವವರು ಯಾರು?

ಬತ್ತಿಗೆ ಬೆಂಕಿ ಮುಟ್ಟಿಸುವವರು ಒಬ್ಬರೇ ಇರಲಿ. ಅವರು ವಯಸ್ಕರಾಗಿರಲಿ, ಮದ್ಯ ಸೇವಿಸದವರಾಗಿರಲಿ. ಮೈಮೇಲೆ ಹತ್ತಿಯ, ಮೈಗಂಟಿದ ಉಡುಪು, ಕಾಲಲ್ಲಿ ಚಪ್ಪಲಿಗಿಂತ ಬೂಟು ಲೇಸು. ಹಬ್ಬದ ಹೊಸ ಬಟ್ಟೆ, ಅದರಲ್ಲೂ ಹೆಣ್ಣುಮಕ್ಕಳ ನೈಲಾನ್ ಲಂಗ, ಜೋಲುವ ದುಪಟ್ಟಾ, ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತವೆ. ಉದ್ದನೆಯ ಊದುಬತ್ತಿಯನ್ನು ಕೋಲಿಗೆ ಕಟ್ಟಿ, ಮುಖವನ್ನು ಹಿಂದಕ್ಕೆ ತಿರುಗಿಸಿ, ತೋಳು ಚಾಚಿ ಹಚ್ಚಬೇಕು. ಕೈಯಲ್ಲಿ ಹಿಡಿದು ಎಸೆಯುವ, ಡಬ್ಬಿಯಿಂದ ಮುಚ್ಚಿ ಸಿಡಿಸುವ ಸಾಹಸಗಳು ಬೇಡ. ಎರಡು ಬಕೆಟ್ ನೀರು, ಒಂದು ಬುಟ್ಟಿ ಮರಳು ಮೊದಲೇ ಸಿದ್ಧವಿರಲಿ. ಗೋಲಂದಾಜನ ತೊಟ್ಟಿ ನೆನಪಿರಲಿ.

ಸುರುಸುರುಬತ್ತಿ ಮಕ್ಕಳ ಆಟಿಕೆಯೆಂದು ನಾವು ನಂಬಿದ್ದೇವೆ. ಅದರ ತುದಿಯ ಉಷ್ಣತೆ ಸಾವಿರ ಡಿಗ್ರಿ ಸೆಲ್ಸಿಯಸ್‌ಗೆ ಸಮೀಪಿಸುತ್ತದೆ. ನೀರು ಕುದಿಯಲು ನೂರು ಡಿಗ್ರಿ ಸಾಕು. ಉರಿದು ಆರಿದ ಕಡ್ಡಿಯನ್ನು ನೆಲಕ್ಕೆಸೆದರೆ ಬರಿಗಾಲಿನ ಮಗು ಅದನ್ನೇ ತುಳಿಯುತ್ತದೆ. ಆರಿದ ಕೂಡಲೇ ಕಡ್ಡಿ ನೀರಿನ ಬಕೆಟ್ಟಿಗೆ ಹೋಗಲಿ.

ಶಬ್ದದ ಬಗ್ಗೆ ಒಂದು ಮಾತು. ಪಟಾಕಿ ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ ಶಬ್ದದ ಶಿಖರಮಟ್ಟ 145 ಡೆಸಿಬೆಲ್ ಮೀರಬಾರದೆಂದು 1999ರ ಸರ್ಕಾರಿ ಅಧಿಸೂಚನೆ ಹೇಳುತ್ತದೆ. ಆದರೆ ಮಕ್ಕಳ ಕಿವಿಗೆ ಬೀಳುವ ಶಬ್ದದ ಶಿಖರಮಟ್ಟ 120 ಡೆಸಿಬೆಲ್ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ಕಾನೂನು ಒಪ್ಪಿದ ಪಟಾಕಿಯೇ ನಾಲ್ಕು ಮೀಟರ್ ದೂರದ ಮಗುವಿಗೂ ಅತಿಯಾಗಬಹುದು. ಒಂದು ಮೀಟರಿನಲ್ಲಿ ನಿಂತ ಮಗುವಿನ ಗತಿ ಏನು? ಕಾನೂನು ನಮಗೆ ಕನಿಷ್ಠ ಮಿತಿಯನ್ನು ತೋರಿಸುತ್ತದೆ. ಅದಕ್ಕಿಂತ ಮುಂದಿನ ದಾರಿಯನ್ನು ವಿವೇಕ ಮತ್ತು ಪ್ರೀತಿ ನಡೆಯಬೇಕು. ತೊಟ್ಟಿಲ ಕೂಸು, ಹಾಸಿಗೆ ಹಿಡಿದ ಹಿರಿಯರು, ಕೊಟ್ಟಿಗೆಯ ಗಬ್ಬದ ಹಸು ಇರುವ ಓಣಿಯಲ್ಲಿ ಶಬ್ದದ ಪಟಾಕಿಯನ್ನೇ ತ್ಯಜಿಸುವ ಸ್ವಾತಂತ್ರ್ಯ ನಮಗಿದೆ.

ಸಿಡಿಯದ ಪಟಾಕಿಯ ಬಳಿಗೆ ಹಿಂತಿರುಗಬೇಡಿರಿ. ಅರ್ಧ ಗಂಟೆ ಕಾದು, ದೂರದಿಂದ ನೀರು ಸುರಿದು ತೋಯಿಸಿರಿ. ಮರುದಿನ ಮುಂಜಾನೆ ಮಕ್ಕಳು ಬೀದಿಯಲ್ಲಿ ಸಿಡಿಯದವನ್ನು ಆಯ್ದು, ಮದ್ದನ್ನು ಕಾಗದದ ಮೇಲೆ ಸುರಿದು ಕಡ್ಡಿ ಗೀರುತ್ತಾರೆ. ಹಿರಿಯರು ಮಲಗಿರುವ ಹೊತ್ತಿನ ಈ ಆಟದಲ್ಲಿ ಎಷ್ಟೋ ಕಣ್ಣುಗಳು ಹೋಗಿವೆ. ರಾತ್ರಿಯೇ ಗುಡಿಸಿ, ಕಸವನ್ನು ನೀರಲ್ಲಿ ನೆನೆಸಿ ಮಲಗುವುದು ಮನೆಯ ಯಜಮಾನನ ಕರ್ತವ್ಯ. ಹೊಸದೊಂದು ಪಿಡುಗೂ ಬಂದಿದೆ. ಪ್ಲಾಸ್ಟಿಕ್ ಕೊಳವೆಯಲ್ಲಿ ಕ್ಯಾಲ್ಸಿಯಂ ಕಾರ್ಬೈಡ್‌ಗೆ ನೀರು ಬೆರೆಸಿ ಸಿಡಿಸುವ ‘ಕಾರ್ಬೈಡ್ ಬಂದೂಕು’ 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ಭೋಪಾಲ್, ವಿದಿಶಾ ಮೊದಲಾದ ಕಡೆ ನೂರಕ್ಕೂ ಹೆಚ್ಚು ಜನರ ಕಣ್ಣುಗಳನ್ನು ಗಾಯಗೊಳಿಸಿತು, ಹೆಚ್ಚಿನವರು ಮಕ್ಕಳು. ಸಿಡಿಯಲಿಲ್ಲವೆಂದು ಕೊಳವೆಯೊಳಗೆ ಇಣುಕಿದ ಕ್ಷಣದಲ್ಲೇ ಅನೇಕರು ಗಾಯಗೊಂಡರು. ಮೊಬೈಲಿನಲ್ಲಿ ಇದನ್ನು ನೋಡಿ ಕಲಿಯುವ ಹುಡುಗರು ನಮ್ಮಲ್ಲಿಯೂ ಇದ್ದಾರೆ.

ಅವಘಡ ನಡೆದರೆ

ಸುಟ್ಟ ಭಾಗಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಲಿ, ಮಂಜುಗಡ್ಡೆ ಬೇಡ. ಬಾವು ಬರುವ ಮೊದಲು ಉಂಗುರ, ಬಳೆಗಳನ್ನು ತೆಗೆಯಿರಿ. ಟೂತ್‌ಪೇಸ್ಟ್, ಶಾಯಿ, ಬೆಣ್ಣೆ, ಅರಿಸಿನ ಹಚ್ಚಬಾರದು, ಬೊಬ್ಬೆ ಒಡೆಯಬಾರದು, ಅಂಟಿದ ಬಟ್ಟೆಯನ್ನು ಕೀಳಬಾರದು. ಶುಭ್ರವಾದ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಒಯ್ಯಿರಿ. ಮೈಮೇಲಿನ ಬಟ್ಟೆಗೆ ಬೆಂಕಿ ಹತ್ತಿದರೆ ಓಡದೆ ನೆಲಕ್ಕೆ ಬಿದ್ದು ಉರುಳಬೇಕು. ಕಣ್ಣಿಗೆ ಪೆಟ್ಟಾದರೆ ಉಜ್ಜಬಾರದು, ಒತ್ತಬಾರದು. ಮದ್ದಿನ ಪುಡಿ ಮಾತ್ರ ಬಿದ್ದಿದ್ದರೆ ಶುದ್ಧ ನೀರಿನಿಂದ ತೊಳೆಯಿರಿ. ಗಾಯವೋ ರಕ್ತವೋ ಕಂಡರೆ ತೊಳೆಯದೆ, ಕಾಗದದ ಲೋಟವೊಂದನ್ನು ಕಣ್ಣಿಗೆ ತಾಗದಂತೆ ಮುಚ್ಚಿ ನೇತ್ರವೈದ್ಯರಲ್ಲಿಗೆ ಧಾವಿಸಿರಿ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ದೀಪಾವಳಿಯಲ್ಲಿ ಬರುವ ಗಾಯಾಳುಗಳಲ್ಲಿ ತಾವೇ ಹಚ್ಚಿದವರಷ್ಟೇ ಅಲ್ಲ, ಸುಮ್ಮನೆ ನಿಂತು ನೋಡುತ್ತಿದ್ದವರೂ, ದಾರಿಯಲ್ಲಿ ಹೋಗುತ್ತಿದ್ದವರೂ ಇರುತ್ತಾರೆ. ಆಂಬುಲೆನ್ಸಿಗೆ 108, ಅಗ್ನಿಶಾಮಕಕ್ಕೆ 101, ಯಾವುದೇ ತುರ್ತಿಗೆ 112 ಎಂಬುದು ಮನೆಯ ಮಕ್ಕಳಿಗೂ ಬಾಯಿಪಾಠವಾಗಿರಲಿ. ನಿರ್ಲಕ್ಷ್ಯದಿಂದ ಸ್ಫೋಟಕ ಬಳಸಿ ಇತರರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 288ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಸಂತರ ಊರಿನ ಪಾಠ

ಮೆಕ್ಸಿಕೊ ದೇಶದ ತುಲ್ತೆಪೆಕ್ ಎಂಬ ಊರು ಪಟಾಕಿ ತಯಾರಿಕೆಗೆ ಪ್ರಸಿದ್ಧ. ಅಲ್ಲಿನ ಕುಶಲಿಗಳು ಸಂತ ಜಾನ್ ಆಫ್ ಗಾಡ್ ಅವರನ್ನು ಪಾಲಕರೆಂದು ಗೌರವಿಸಿ, ಮಾರ್ಚ್ 8ರ ಅವರ ಹಬ್ಬದ ದಿನಗಳಲ್ಲಿ ಬಾಣಬಿರುಸುಗಳ ಮಹೋತ್ಸವ ನಡೆಸುತ್ತಾರೆ. ಈ ಸಂತರು 1549ರಲ್ಲಿ, ನಮ್ಮ ಮಲಿಕ್-ಎ-ಮೈದಾನ್ ತಯಾರಾದ ವರ್ಷದಲ್ಲಿಯೇ, ಸ್ಪೇನಿನ ಗ್ರನಾಡದ ಆಸ್ಪತ್ರೆಗೆ ಬೆಂಕಿ ಬಿದ್ದಾಗ ಒಳಗೆ ನುಗ್ಗಿ ರೋಗಿಗಳನ್ನು ಹೊತ್ತು ತಂದವರು. ಅಂಥ ಪಾಲಕರಿರುವ ಊರಿನಲ್ಲಿಯೂ 2016ರ ಡಿಸೆಂಬರ್ 20ರಂದು, ಕ್ರಿಸ್ಮಸ್ಸಿಗೆ ಐದು ದಿನಗಳಿರುವಾಗ, ಪಟಾಕಿ ಮಾರುಕಟ್ಟೆ ಸ್ಫೋಟಗೊಂಡು 40ಕ್ಕೂ ಹೆಚ್ಚು ಜನ ಮಡಿದರು. ಪ್ರಾರ್ಥನೆ ವಿವೇಕದ ಕೆಲಸವನ್ನು ನಮ್ಮ ಬದಲಾಗಿ ಮಾಡುವುದಿಲ್ಲ. ರೋಗಿಗಳನ್ನು ಹೊತ್ತ ಆ ಸಂತರನ್ನು ಗೌರವಿಸುವವರು, ಯಾರನ್ನೂ ಹೊತ್ತು ತರಬೇಕಾದ ಪ್ರಸಂಗ ಬಾರದಂತೆ ನೋಡಿಕೊಳ್ಳುವುದೇ ಲೇಸು.

ನನ್ನದೊಂದು ಸಲಹೆಯಿದೆ. ಮನೆಗೊಂದು ಪೊಟ್ಟಣ, ಮನೆಗೊಂದು ಅಪಾಯ ಎನ್ನುವ ಬದಲು, ಊರಿನ ನಮ್ಮ ಕುಟುಂಬಗಳು ಕೂಡಿ ಒಂದೇ ಬಯಲನ್ನು ಗೊತ್ತುಮಾಡಿಕೊಳ್ಳಲಿ. ಹಚ್ಚುವ ಹೊಣೆಯನ್ನು ಇಬ್ಬರು ಹಿರಿಯರಿಗೆ ವಹಿಸಲಿ. ನೆರೆಯವರಿಗೆ ಮೊದಲೇ ತಿಳಿಸಿ ಅವರನ್ನೂ ಕರೆಯಲಿ. ಇಂಥ ಸಾಮೂಹಿಕ ಆಚರಣೆಯ ಸಾಧ್ಯತೆಯನ್ನು ಪರಿಶೀಲಿಸಬೇಕೆಂದು ಆ ತೀರ್ಪೂ ಸೂಚಿಸಿದೆ. ಖರ್ಚು ತಗ್ಗುತ್ತದೆ, ಸಂತೋಷ ಹಂಚಿಕೆಯಾಗುತ್ತದೆ.

ಆ ಹಳ್ಳಿಯಲ್ಲಿ ಮುಂದಿನ ವರ್ಷದ ಕ್ರಿಸ್ಮಸ್ಸಿಗೆ ನಾವು ರಾಕೆಟ್ ತರಲಿಲ್ಲ. ಊರ ಹೊರಗಿನ ಬಯಲಿನಲ್ಲಿ ನಾಲ್ಕು ಹೂಕುಂಡಗಳನ್ನು ಹಚ್ಚಿದೆವು. ಆ ವೃದ್ಧ ತನ್ನ ಮೊಮ್ಮಗನ ಕೈಹಿಡಿದು ನೋಡಲು ಬಂದಿದ್ದ. ನೀರಿನ ಬಕೆಟ್ಟನ್ನು ತಾನೇ ತುಂಬಿ ತಂದಿದ್ದ. ಹೂಕುಂಡದ ಬೆಳಕಿನಲ್ಲಿ ಆ ಹುಡುಗನ ಮುಖವನ್ನು ಕಂಡಾಗ, ಕಳೆದ ವರ್ಷ ನಾನು ತಟ್ಟಿದ್ದ ಚಪ್ಪಾಳೆ ನೆನಪಾಗಿ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತೆ.

ಈ ವರ್ಷ ನಿಮ್ಮ ಮನೆಯಂಗಳದಲ್ಲಿಯೂ ಬೆಳಕು ಇರಲಿ. ಕಡ್ಡಿ ಗೀರುವ ಮುನ್ನ ಒಮ್ಮೆ ಸುತ್ತಲೂ ನೋಡಿರಿ. ಬಣವಿಯ ಮಗ್ಗುಲಲ್ಲಿ ಯಾರೋ ಮಲಗಿರಬಹುದು. ಎಲ್ಲ ಕುಟುಂಬಗಳಿಗೂ ಹಬ್ಬದ ಮುಂಗಡ ಶುಭಾಶಯಗಳು.